‘ಪಾಗಲ್ ಪ್ರೇಮಿ’ ತಲೆಬರಹದ ಕೆಳಗೆ

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿ.ಜೆ. ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿತ್ತು. ದುರಂತದ ಬೆನ್ನಿಗೇ ಅದೇ ಕಾಲೇಜಿಗೆ ಒಂದು ಇಮೇಲ್ ಬಂತು. ವಿಮಾನ ಬೀಳಿಸಿದ್ದು ನಾವೇ ಎಂಬುದು ಅದರ ಧಾಟಿ. ನಗರದ ಶಾಲೆಗಳಿಗೆ, ನರೇಂದ್ರ ಮೋದಿ ಕ್ರೀಡಾಂಗಣಕ್ಕೆ ಬಾಂಬ್ ಇಟ್ಟಿದ್ದೇವೆ ಎಂಬ ಬೆದರಿಕೆಗಳೂ ಅದೇ ದಿನಗಳಲ್ಲಿ ಬಂದಿದ್ದವು. ಗುಜರಾತೊಂದಕ್ಕೇ ಇಂಥ 21 ಮೇಲ್. ಆ ತಿಂಗಳು ಮುಗಿಯುವುದರೊಳಗೆ ಅಹಮದಾಬಾದ್ ಸೈಬರ್ ಪೊಲೀಸರು ಚೆನ್ನೈನಲ್ಲಿ ಎಂಜಿನಿಯರ್ ಯುವತಿಯೊಬ್ಬಳನ್ನು ಬಂಧಿಸಿದರು. ಪೊಲೀಸರು ಹೇಳುವ ಪ್ರಕಾರ ಸಹೋದ್ಯೋಗಿಯೊಬ್ಬರ ಮೇಲೆ ಆಕೆಗೆ ಒಮ್ಮುಖ ಪ್ರೀತಿ ಇತ್ತು. ಆತ ಆ ವರ್ಷದ ಫೆಬ್ರುವರಿಯಲ್ಲಿ ಬೇರೊಬ್ಬರನ್ನು ಮದುವೆಯಾದರು. ಆಕೆ ಆತನ ಹೆಸರಿನಲ್ಲಿ ನಕಲಿ ಇಮೇಲ್ ಖಾತೆಗಳನ್ನು ತೆರೆದು, ಆತನೇ ಸಿಕ್ಕಿಬೀಳಲಿ ಎಂದು ಹತ್ತಕ್ಕೂ ಹೆಚ್ಚು ರಾಜ್ಯಗಳಿಗೆ ಬೆದರಿಕೆ ಕಳಿಸಿದಳು. ಬೆಂಗಳೂರಿನ ಶಾಲೆಗಳಿಗೂ ಇಂಥ ಮೇಲ್ ಬಂದಿದ್ದರಿಂದ ನಮ್ಮ ಪೊಲೀಸರು ಅಕ್ಟೋಬರ್‌ನಲ್ಲಿ ಬಾಡಿ ವಾರಂಟ್ ಮೇಲೆ ಆಕೆಯನ್ನು ಇಲ್ಲಿಗೂ ಕರೆತಂದರು. ಆರೋಪ ಇನ್ನೂ ನ್ಯಾಯಾಲಯದಲ್ಲಿ ಸಾಬೀತಾಗಬೇಕಿದೆ.

ಪ್ರಕರಣದ ತನಿಖೆ ಪೊಲೀಸರ ಕೆಲಸ, ತೀರ್ಪು ನ್ಯಾಯಾಧೀಶರದು. ನನ್ನ ತಕರಾರು ಅದನ್ನು ಕನ್ನಡದಲ್ಲಿ ಹೇಳಿದ ಬಗೆಯ ಮೇಲೆ. ನಾನು ನೋಡಿದ ಟಿವಿ ತುಣುಕುಗಳಲ್ಲಿ, ಓದಿದ ವರದಿಗಳಲ್ಲಿ ಆಕೆಯ ಫೋಟೊ ಇತ್ತು, ಡಿಗ್ರಿ ಇತ್ತು, ಸಂಬಳದ ಲೆಕ್ಕಾಚಾರ ಇತ್ತು, ಪ್ರೀತಿ ಮುರಿದುಬಿದ್ದ ಕಥೆಯಂತೂ ಇದ್ದೇ ಇತ್ತು. ಯಾರ ಹೆಸರನ್ನು ಕದ್ದು ಬಾಂಬಿಗೆ ಅಂಟಿಸಲಾಯಿತೋ ಆ ಮನುಷ್ಯ ಮಾತ್ರ ಕಥೆಗೊಂದು ನೆಪವಾಗಿ ಬಂದು ಹೋದ. ಆತನ ಮನೆ ಬಾಗಿಲಿಗೆ ಪೊಲೀಸರು ಬಂದರೇ, ಕಚೇರಿಯಲ್ಲಿ ಏನು ವಿವರಣೆ ಕೊಡಬೇಕಾಯಿತು, ಹೊಸದಾಗಿ ಮದುವೆಯಾಗಿ ಬಂದ ಹೆಂಡತಿಗೆ ಹೇಗೆ ಒಪ್ಪಿಸಿದ ಎಂದು ಕೇಳಿದವರಿಲ್ಲ. ಹಿಂಬಾಲಿಸುವಿಕೆಯ ಪ್ರಕರಣಗಳನ್ನು ಪ್ರೇಮಕಥೆಯ ಅಚ್ಚಿನಲ್ಲಿ ಎರೆಯುವ ನಮ್ಮ ಈ ಅಭ್ಯಾಸದಲ್ಲಿ ಆರೋಪಿ ನಾಯಕನೋ ನಾಯಕಿಯೋ ಆಗುತ್ತಾರೆ, ಕಾಟ ತಿಂದವರು ಕಥೆಯಿಂದಲೇ ಹೊರಗುಳಿಯುತ್ತಾರೆ.

ಈ ಅಚ್ಚು ಇವತ್ತಿನದಲ್ಲ. 2000ದಲ್ಲಿ ಬಂದ ‘ಪ್ರೀತ್ಸೆ’ ಹಿಂದಿಯ ‘ಡರ್’ ಚಿತ್ರದ ರಿಮೇಕ್. ನಿರ್ದೇಶಕ ಡಿ. ರಾಜೇಂದ್ರಬಾಬು, ನಾಯಕ ಶಿವರಾಜಕುಮಾರ್. ಆದರೆ ನಮ್ಮೂರ ಟೆಂಟು-ಥಿಯೇಟರುಗಳಲ್ಲಿ ಶಿಳ್ಳೆ ಬಿದ್ದದ್ದು ಬೆನ್ನು ಹತ್ತಿ ಕಾಡುವ ಉಪೇಂದ್ರನ ಪಾತ್ರಕ್ಕೆ. ಚಿತ್ರದ ನೀತಿ ಅವನ ವಿರುದ್ಧವಾಗಿಯೇ ಇದೆ, ಕ್ಯಾಮೆರಾದ ಒಲವು ಮಾತ್ರ ಅವನ ಕಡೆಗೆ. ಹಾಡು, ಸಂಭಾಷಣೆ, ಒಂಟಿತನ, ಕಣ್ಣೀರು ಎಲ್ಲವೂ ಅವನ ಪಾಲಿಗೆ. ಹುಡುಗಿಯ ಪಾಲಿಗೆ ಉಳಿದದ್ದು ಬೆಚ್ಚುವ ಮುಖ. ಇಂದಿನ ಕ್ರೈಂ ಬುಲೆಟಿನ್ನುಗಳು ಪಾಲು ಹಂಚುವುದೂ ಇದೇ ಲೆಕ್ಕದಲ್ಲಿ.

ಅಪರಾಧ ಬರವಣಿಗೆಯ ಪರಂಪರೆಗೆ ಬಂದರೆ ನಮ್ಮ ಬಳ್ಳಾರಿಯವರೇ ಆದ ರವಿ ಬೆಳಗೆರೆ ಅವರನ್ನು ದಾಟಿ ಹೋಗಲಾಗದು. 1995ರಲ್ಲಿ ಶುರುವಾದ ‘ಹಾಯ್ ಬೆಂಗಳೂರ್!’ ವಾರಪತ್ರಿಕೆ, ಆಮೇಲೆ ಟಿವಿಯಲ್ಲಿ ಬಂದ ‘ಕ್ರೈಂ ಡೈರಿ’ ಕನ್ನಡದಲ್ಲಿ ಅಪರಾಧ ವರದಿಗೆ ಒಂದು ದನಿ ಕೊಟ್ಟವು. ಅವರ ಬಲ ದೊಡ್ಡದು. ಎಫ್‌ಐಆರ್ ನೋಡಿ ಬರೆಯುವ ಗುಮಾಸ್ತಿಕೆ ಬಿಟ್ಟು ಸ್ಥಳಕ್ಕೆ ಹೋದರು, ಓಣಿ-ಹೊಲ-ಜಾತಿ-ಜಗಳ ಎಲ್ಲವನ್ನೂ ತಂದರು, ಹಳ್ಳಿಯ ಓದುಗ ಕೈಬಿಡದಂತೆ ಬರೆದರು. ಅದೇ ಬಲದಲ್ಲಿ ಒಂದು ವಾಲುವಿಕೆಯೂ ಇತ್ತು. ‘ಭೀಮಾ ತೀರದ ಹಂತಕರು’, ‘ಪಾಪಿಗಳ ಲೋಕದಲ್ಲಿ’ ಎಂಬ ಶೀರ್ಷಿಕೆಗಳೇ ಹೇಳುವಂತೆ ಬರಹಗಾರನ ಕುತೂಹಲ ಕೊಂದವನ ಕಡೆಗಿತ್ತು. ರೌಡಿಗಳ ಲೋಕಕ್ಕೆ ಅದು ಒಗ್ಗುತ್ತಿತ್ತು, ಏಕೆಂದರೆ ಅಲ್ಲಿ ಇಂದು ಕೊಂದವನು ನಾಳೆ ಸಾಯುವವನು. ಹಿಂಬಾಲಿಸುವಿಕೆಯ ಪ್ರಕರಣಕ್ಕೆ ಆ ಮಾದರಿ ಒಗ್ಗದು. ಇಲ್ಲಿ ಒಬ್ಬರು ಬೇಟೆಗೆ ಹೊರಟವರು, ಇನ್ನೊಬ್ಬರಿಗೆ ಬೇಟೆ ನಡೆದಿದೆ ಎಂಬುದೇ ತಡವಾಗಿ ಗೊತ್ತಾಗುತ್ತದೆ. ಬೆಳಗೆರೆಯವರ ದನಿಯನ್ನು ಅನುಕರಿಸಿದ ನಂತರದ ನಿರೂಪಕರು ಅವರ ಕಾಲ್ನಡಿಗೆಯನ್ನು ಬಿಟ್ಟು ಗಡಸು ಗಂಟಲನ್ನು ಮಾತ್ರ ಉಳಿಸಿಕೊಂಡರು.

ಇಂಥ ಪ್ರಕರಣವನ್ನು ಬೇರೆ ರೀತಿಯಲ್ಲಿ ಹೇಳಲು ಸಾಧ್ಯವೇ ಎಂದರೆ, ಎರಡು ದಶಕಗಳ ಹಿಂದಿನ ಮೊಕದ್ದಮೆಯೊಂದರಲ್ಲಿ ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಇದೆ. 2004ರ ಫೆಬ್ರುವರಿಯಲ್ಲಿ ಚೆನ್ನೈನ ವಿಚ್ಛೇದಿತ ಮಹಿಳೆಯೊಬ್ಬರು ಪೊಲೀಸರಿಗೆ ದೂರು ಕೊಟ್ಟರು. ಯಾಹೂ ಗುಂಪೊಂದರಲ್ಲಿ ಅವರ ಬಗ್ಗೆ ಅಶ್ಲೀಲ ಬರಹ ಬಂದಿತ್ತು, ಅವರದೇ ಹೆಸರಿನ ನಕಲಿ ಇಮೇಲ್ ಖಾತೆ ಓಡಾಡುತ್ತಿತ್ತು, ಗುರುತಿಲ್ಲದ ಗಂಡಸರು ಫೋನ್ ಮಾಡತೊಡಗಿದ್ದರು. ಆರೋಪಿ ಸುಹಾಸ್ ಕಟ್ಟಿ ಮನೆಯವರಿಗೆ ಪರಿಚಿತನೇ. ಮದುವೆಯಾಗಬೇಕೆಂದಿದ್ದವನು. ಆಕೆ ಬೇರೆಯವರನ್ನು ಮದುವೆಯಾಗಿ, ಆ ಮದುವೆ ಮುರಿದ ಮೇಲೆ ಮತ್ತೆ ಬಂದು ಕೇಳಿ, ಇಲ್ಲ ಎನಿಸಿಕೊಂಡವನು. ಪೊಲೀಸರು ಅವನನ್ನು ಮುಂಬೈಯಲ್ಲಿ ಹಿಡಿದರು. ಅದೇ ವರ್ಷ ನವೆಂಬರ್ 5ರಂದು ಎಗ್ಮೋರ್ ನ್ಯಾಯಾಲಯ ಭಾರತೀಯ ದಂಡ ಸಂಹಿತೆಯ 469, 509ನೇ ಕಲಂ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ ಅಡಿ ಶಿಕ್ಷೆ ವಿಧಿಸಿತು. ಗರಿಷ್ಠ 2 ವರ್ಷ ಕಠಿಣ ಸಜೆ. ಐಟಿ ಕಾಯ್ದೆಯಡಿ ದೇಶದ ಮೊದಲ ಶಿಕ್ಷೆ ಎಂದು ಇದನ್ನು ಗುರುತಿಸುತ್ತಾರೆ.

ಆರೋಪಿ ಪರ ವಕೀಲರು ಹೂಡಿದ ವಾದ ಇಡೀ ಪ್ರಕರಣದ ಸ್ವಾರಸ್ಯದ ಭಾಗ. ಇದನ್ನೆಲ್ಲ ಆಕೆಯ ಮಾಜಿ ಗಂಡ ಮಾಡಿರಬಹುದು, ಅಥವಾ ಸಿಕ್ಕಿಸಲೆಂದು ಆಕೆಯೇ ಮಾಡಿಕೊಂಡಿರಬಹುದು ಎಂದರು. ಹೆಸರು ಕಳೆದುಕೊಂಡವರ ಎದುರಿಗೆ ಈ ಮಾತು ಇವತ್ತಿಗೂ ಬರುತ್ತದೆ: ‘ನಿನ್ನ ಹೆಸರೇ ಇದೆಯಲ್ಲ, ನೀನಲ್ಲದೆ ಇನ್ಯಾರು?’ ಅದಕ್ಕೆ ಉತ್ತರ ಕೊಟ್ಟದ್ದು ಕಣ್ಣೀರಲ್ಲ, ದಾಖಲೆ. ಸೈಬರ್ ಕೆಫೆ ನಡೆಸುತ್ತಿದ್ದವರು ಬಂದು ಸಾಕ್ಷಿ ಹೇಳಿದರು. ಈಗ ಬೆಂಗಳೂರಿನಲ್ಲಿರುವ ಸೈಬರ್ ಕಾನೂನು ತಜ್ಞ ನಾ. ವಿಜಯಶಂಕರ್ ಆ ಯಾಹೂ ಪುಟಗಳನ್ನು ಮುದ್ರಿಸಿ, ಸಾಕ್ಷ್ಯ ಕಾಯ್ದೆಯ 65ಬಿ ಪ್ರಕಾರ ಪ್ರಮಾಣಪತ್ರ ಲಗತ್ತಿಸಿ ಒಪ್ಪಿಸಿದರು. 2025ರ ಪ್ರಕರಣದಲ್ಲೂ ಪೊಲೀಸರು ಹೇಳುವ ತಿರುವು ಇದೇ ಜಾತಿಯದು. ಟಾರ್, ವಿಪಿಎನ್ ಬಳಸಿ ಗುರುತು ಮರೆಸಿಕೊಂಡಿದ್ದ ಆಕೆ ಹಿಂದೊಮ್ಮೆ ಒಂದೇ ಸಾಧನದಿಂದ ತನ್ನ ಅಸಲಿ ಖಾತೆ, ನಕಲಿ ಖಾತೆ ಎರಡನ್ನೂ ತೆರೆದಿದ್ದಳು. ವಿಪಿಎನ್ ಮರೆಮಾಡುವುದು ಸಂಪರ್ಕದ ದಾರಿಯನ್ನು. ಎರಡು ಖಾತೆಗಳ ಹಿಂದೆ ಒಂದೇ ಯಂತ್ರವಿದೆ ಎಂಬ ಗುರುತನ್ನು ಅದು ಎಲ್ಲ ಸಲವೂ ಮರೆಮಾಡದು. ನಿಜವಾದ ಪತ್ತೇದಾರಿ ಕಥೆ ಇರುವುದು ಇಲ್ಲಿ. ನಮ್ಮ ವರದಿಗಳು ಅದನ್ನು ‘ತಾಂತ್ರಿಕ ಸಾಕ್ಷ್ಯ ಆಧರಿಸಿ ಪೊಲೀಸರು ಬಲೆ ಬೀಸಿದರು’ ಎಂಬ ಒಂದು ಸಾಲಿನಲ್ಲಿ ಮುಗಿಸಿ, ಅರ್ಧ ಗಂಟೆ ಪ್ರೀತಿಯ ಮೇಲೆ ಕಳೆಯುತ್ತವೆ.

ಇದರಿಂದ ಆಗುವ ನಷ್ಟ ಅವಿಭಜಿತ ಬಳ್ಳಾರಿ ಜಿಲ್ಲೆಯ ನಮ್ಮ ಪಶ್ಚಿಮ ತಾಲ್ಲೂಕುಗಳಿಗೆ ನೇರವಾಗಿ ತಟ್ಟುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಡಿಗ್ರಿ ಓದುವ ಹುಡುಗಿಯರ ಕೈಗೆ ಫೋನ್ ಬಂದು ವರ್ಷಗಳಾದವು. ಕೊಟ್ಟೂರು ಜಾತ್ರೆಯಲ್ಲಿ ತೆಗೆದ ಫೋಟೊ ಸ್ಟೇಟಸ್‌ಗೆ ಹೋದ ಗಳಿಗೆಯಿಂದ ಅದು ಯಾರ ಡಿಪಿ ಬೇಕಾದರೂ ಆಗಬಹುದು. ಅವಳ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ಖಾತೆ ತೆರೆದು ಊರ ಹುಡುಗರಿಗೆಲ್ಲ ಮೆಸೇಜ್ ಹಾಕಿದರೆ ಮನೆಯಲ್ಲಿ ಮೊದಲು ಬರುವ ಮಾತು, ‘ಆ ಫೋನ್ ಕೊಡವ್ವ ಇಲ್ಲಿ, ಅದನ್ನೆಲ್ಲ ಅಳಿಸಿ ಹಾಕು, ಮಂದಿಗೆ ಗೊತ್ತಾದ್ರ ಹೆಂಗ?’ ಹೇಳುವ ಅಪ್ಪನಿಗೆ ಮಗಳ ಮೇಲೆ ಕಾಳಜಿಯೇ ಇರುತ್ತದೆ. ಆದರೆ ಆ ಒಂದು ಅಳಿಸುವಿಕೆಯಲ್ಲಿ ಮೊಕದ್ದಮೆಯ ಬುಡವೇ ಹೋಗಿರುತ್ತದೆ. ಮೆಸೇಜಿನ ಸ್ಕ್ರೀನ್‌ಶಾಟ್, ಖಾತೆಯ ಲಿಂಕು, ದಿನಾಂಕ, ಸಮಯ ಉಳಿಯಬೇಕು, ಫೋನು ಹಾಗೇ ಇರಬೇಕು. ಹಳೆಯ 65ಬಿ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಆಗಿದೆ. ಅದರ ಪ್ರಮಾಣಪತ್ರಕ್ಕೆ ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತ ಬದಲಾಗಿಲ್ಲ ಎಂದು ತೋರಿಸುವ ಅಂಕಿ-ಅಕ್ಷರಗಳ ಗುರುತನ್ನೂ, ನಮೂದಿಸಬೇಕು. 2004ರ ಚೆನ್ನೈ ಪ್ರಕರಣವನ್ನು ದಾಖಲೆಯ ಕಥೆಯಾಗಿ ಕೇಳಿ ಬೆಳೆದ ಅಪ್ಪ ‘ಅಳಿಸಿ ಹಾಕು’ ಎನ್ನುತ್ತಿರಲಿಲ್ಲ. ಪ್ರೇಮಕಥೆಯಾಗಿ ಕೇಳಿದ ಅಪ್ಪ ಮಗಳನ್ನೇ ಅನುಮಾನಿಸಿ ಕಾಲೇಜು ಬಿಡಿಸುತ್ತಾನೆ.

ಕಾನೂನಿನ ಮಾತಿಗೂ ಇದೇ ಗತಿ. ನಿರ್ಭಯಾ ಪ್ರಕರಣದ ನಂತರ, ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿಯ ಬೆನ್ನಿಗೆ, 2013ರಲ್ಲಿ ಹಿಂಬಾಲಿಸುವಿಕೆ ದಂಡ ಸಂಹಿತೆಯ 354ಡಿ ಎಂಬ ಪ್ರತ್ಯೇಕ ಅಪರಾಧವಾಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದೂ ಅದರಲ್ಲಿ ಸೇರಿದೆ. ಮೊದಲ ಸಲ ಶಿಕ್ಷೆಯಾದರೆ 3 ವರ್ಷದವರೆಗೆ, ಅದು ಜಾಮೀನು ಸಿಗುವ ಅಪರಾಧ. ಮತ್ತೆ ಮಾಡಿದರೆ 5 ವರ್ಷದವರೆಗೆ, ಜಾಮೀನಿಲ್ಲ. ಆದರೆ ಈ ಕಲಂ ಓದುವುದು ಗಂಡಸು ಹೆಂಗಸನ್ನು ಹಿಂಬಾಲಿಸಿದರೆ ಎಂದು. 2025ರ ಪ್ರಕರಣದ ಆ ಸಹೋದ್ಯೋಗಿಯಂಥ ಗಂಡಸಿಗೆ ಅದು ಒದಗದು. ಅವರಿಗೆ ಉಳಿಯುವುದು ಐಟಿ ಕಾಯ್ದೆಯ 66ಸಿ, 66ಡಿ. ಇವು ಇನ್ನೊಬ್ಬರ ಗುರುತು ಕದಿಯುವುದನ್ನು, ಇನ್ನೊಬ್ಬರ ವೇಷದಲ್ಲಿ ವಂಚಿಸುವುದನ್ನು ಗಂಡು-ಹೆಣ್ಣು ಎನ್ನದೆ ಶಿಕ್ಷಿಸುತ್ತವೆ. ಪ್ರೀತಿಯ ಚೌಕಟ್ಟನ್ನು ಬಿಟ್ಟು ಗುರುತಿನ ಕಳವನ್ನು ನೋಡಿದ ಕಾನೂನು ಸಂತ್ರಸ್ತರಿಗೆ ಹೆಚ್ಚು ಹತ್ತಿರ ಬಂತು ಎಂಬುದನ್ನು ಪತ್ರಕರ್ತರು ಗಮನಿಸಬೇಕು. ಇಂಥ ನಕಲಿ ಖಾತೆಯನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ಐಟಿ ನಿಯಮಗಳು ಹೊರಬಂದಾಗಲೇ ಕಂಪನಿಗಳಿಗೆ ವಿಧಿಸಿದ್ದವು. ಜಿಲ್ಲಾ ಪುಟದ ಎಷ್ಟು ವರದಿಗಳು ಇದನ್ನು ಓದುಗರಿಗೆ ಹೇಳಿವೆ?

ಜಿಲ್ಲಾ ಪುಟದ ಇನ್ನೊಂದು ರೂಢಿ ಇನ್ನೂ ಅಪಾಯದ್ದು. ಹೆಸರು ಬರೆಯುವುದಿಲ್ಲ, ಆದರೆ ತಾಲ್ಲೂಕು, ಗ್ರಾಮ, ವಯಸ್ಸು, ಕಾಲೇಜು, ಓದುವ ವರ್ಷ ಎಲ್ಲ ಬರೆಯುತ್ತಾರೆ. ಮುನ್ನೂರು ಮನೆಯ ಊರಲ್ಲಿ ಇಷ್ಟು ಸಾಕು, ಸಂಜೆ ಹೊತ್ತಿಗೆ ಅಗಸಿ ಕಟ್ಟೆಯ ಮೇಲೆ ಹೆಸರು ಬಂದಿರುತ್ತದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದನ್ನು ನ್ಯಾಯ ಸಂಹಿತೆಯ 72ನೇ ಕಲಂ ತಡೆಯುತ್ತದೆ. ಅದರ ವ್ಯಾಪ್ತಿ 64ರಿಂದ 71ರವರೆಗಿನ ಅಪರಾಧಗಳಿಗೆ ಮಾತ್ರ, 78 ಅದರಲ್ಲಿಲ್ಲ. ಕಾನೂನು ಬಿಟ್ಟ ಆ ಸಂದಿಯನ್ನು ವರದಿಗಾರನ ವಿವೇಕ ಮುಚ್ಚಬೇಕಿತ್ತು. ಹೆಸರು ಕದ್ದವನು ಮಾಡಿದ ಅರ್ಧ ಕೆಲಸವನ್ನು ಸುದ್ದಿ ಪೂರ್ತಿ ಮಾಡುವಂತಾಗಬಾರದು.

ಪ್ರೇಮಕಥೆಯ ಚೌಕಟ್ಟಿಗೆ ಒಂದು ಅವಳಿಯೂ ಇದೆ, ಸೇಡಿನ ಕಥೆ. 2024ರ ಜೂನ್‌ನ ರೇಣುಕಸ್ವಾಮಿ ಕೊಲೆ ಪ್ರಕರಣದಲ್ಲಿ ಅದನ್ನು ನಾಡೇ ಕಂಡಿತು. ಪೊಲೀಸರ ಆರೋಪದ ಪ್ರಕಾರ ಶುರುವಾದದ್ದು ನಕಲಿ ಇನ್‌ಸ್ಟಾಗ್ರಾಂ ಖಾತೆಯಿಂದ ನಟಿಗೆ ಬಂದ ಅಶ್ಲೀಲ ಸಂದೇಶಗಳಿಂದ, ಮುಗಿದದ್ದು ಚಿತ್ರದುರ್ಗದಿಂದ ಬೆಂಗಳೂರಿಗೆ ಒಯ್ದು ಮಾಡಿದ ಕೊಲೆಯಲ್ಲಿ. ನಟ ದರ್ಶನ್ ಸೇರಿ ಹಲವರು ಆರೋಪಿಗಳು. ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದು ಮಾಡಿತು. ಆ ದಿನಗಳ ಚರ್ಚೆಯಲ್ಲಿ ‘ಹೆಣ್ಣಿಗೆ ಕಾಟ ಕೊಟ್ಟವನಿಗೆ ತಕ್ಕ ಶಾಸ್ತಿ’ ಎಂದ ಅಭಿಮಾನಿಗಳಿದ್ದರು, ಆರೋಪಿಯ ಜೈಲಿನ ಊಟ-ಹಾಸಿಗೆ ವರದಿ ಮಾಡಿದ ಚಾನೆಲ್ಲುಗಳಿದ್ದವು. ಆ ಸಂದೇಶಗಳನ್ನು ಹಿಡಿದು ಸೈಬರ್ ಠಾಣೆಗೆ ಹೋಗಿದ್ದರೆ ಏನಾಗುತ್ತಿತ್ತು ಎಂಬ ಸರಳ ಪ್ರಶ್ನೆಗೆ ಸಮಯ ಸಿಗಲಿಲ್ಲ. ಠಾಣೆಯ ದಾರಿ ಯಾರ ಕಥೆಯಲ್ಲೂ ಇಲ್ಲದಿದ್ದರೆ ಉಳಿಯುವುದು ಎರಡೇ ದಾರಿ: ಮುಚ್ಚಿಹಾಕುವುದು, ಇಲ್ಲವೇ ಕಡಿದುಹಾಕುವುದು.

ಆ ದಾರಿ ಇದೆ. 1930 ಸಹಾಯವಾಣಿ ಮುಖ್ಯವಾಗಿ ಹಣದ ವಂಚನೆಗೆ ಎಂದು ಜನ ತಿಳಿದಿದ್ದಾರೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಂಗಸರ ವಿರುದ್ಧದ ಅಪರಾಧಗಳಿಗೆ ಬೇರೆಯೇ ವಿಭಾಗವಿದೆ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಹಡಗಲಿಯ ಹುಡುಗಿ ಹೊಸಪೇಟೆಗೆ ಬಸ್ ಹತ್ತಲೇಬೇಕೆಂದಿಲ್ಲ. ಐಟಿ ಕಾಯ್ದೆಯ ತನಿಖೆಯನ್ನು ಮಾತ್ರ ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನವರೇ ಮಾಡಬೇಕು. ದೂರು ಕೊಟ್ಟವರು ‘ಸಾಹೇಬ್ರು ಇಲ್ಲ, ನಾಳೆ ಬರ್ರಿ’ ಎಂದು ಕೇಳಿ ವಾಪಸಾಗುವುದರ ಹಿಂದೆ ಈ ನಿಯಮವೂ ಒಂದು ನೆಪವಾಗಿ ನಿಲ್ಲಬಹುದು. ವರದಿಗಾರ ವಿಚಾರಿಸಬೇಕಾದ ಸಂಗತಿ ಇದು.

ಹಾಗಾದರೆ ಒಳ್ಳೆಯ ಅಪರಾಧ ಬರಹದಲ್ಲಿ ಭಾವನೆ ಇರಬಾರದೇ? ಇರಲಿ, ಆದರೆ ಅದರ ಯಜಮಾನಿಕೆ ಕಾಟ ತಿಂದವರದ್ದಾಗಲಿ. ನಕಲಿ ಖಾತೆ ಗೊತ್ತಾದ ದಿನದಿಂದ ಅದು ಮುಚ್ಚಿದ ದಿನದವರೆಗೆ ಎಷ್ಟು ದಿನ, ಯಾವ ಠಾಣೆ, ಯಾವ ಕಲಂ, ಯಾವ ದಾಖಲೆಯ ಮೇಲೆ ಪತ್ತೆ, ಕೊನೆಗೆ ಏನು ತೀರ್ಪು ಎಂಬ ಐದು ಪ್ರಶ್ನೆಗೆ ಉತ್ತರವಿರುವ ವರದಿ ಪ್ರೀತಿಯ ಪುರಾಣಕ್ಕಿಂತ ರೋಚಕವಾಗಿಯೇ ಇರುತ್ತದೆ. ತೀರ್ಪಿನ ವಿಷಯದಲ್ಲಂತೂ ನಮ್ಮ ಪತ್ರಿಕೆಗಳು ಬಾಕಿ ಉಳಿಸಿಕೊಂಡಿವೆ. ಬಂಧನದ ದಿನ ಮುಖಪುಟಕ್ಕೆ ಬಂದ ಪ್ರಕರಣ ವಿಚಾರಣೆಯ ಹೊತ್ತಿಗೆ ಯಾವ ಪುಟದಲ್ಲೂ ಸಿಗುವುದಿಲ್ಲ. ಬೆಂಗಳೂರಿನ ಶಾಲೆಗಳಿಗೆ ಬಂದ ಬೆದರಿಕೆಯ ಮೊಕದ್ದಮೆ ಮುಂದೆ ಏನಾಗುತ್ತದೆ, ಆ ಸಹೋದ್ಯೋಗಿಯ ಹೆಸರಿಗೆ ಅಂಟಿದ ಕಳಂಕವನ್ನು ನ್ಯಾಯಾಲಯ ಹೇಗೆ ತೊಳೆಯುತ್ತದೆ ಎಂಬುದನ್ನು ಕೊನೆಯವರೆಗೆ ಬೆನ್ನು ಹತ್ತಿ ಬರೆಯುವ ಒಬ್ಬ ಕನ್ನಡ ವರದಿಗಾರ ಸಿಕ್ಕರೂ ಈ ಪ್ರಕಾರ ತನ್ನ ಹಳೆಯ ಅಚ್ಚಿನಿಂದ ಹೊರಬಂದಿತು ಎನ್ನಬಹುದು.