ಹಿಟ್ಟಿನ ಕೋಳಿಯೂ ಬಣ್ಣದ ಬಂದೂಕೂ

ಆಟಿಕೆಯ ಬಂದೂಕೊಂದನ್ನು ಬಿಚ್ಚಿ, ಉಜ್ಜಿ, ಬಣ್ಣ ಬಳಿದು, ವಿಡಿಯೋ ಆಟದಲ್ಲಿ ಕಾಣುವ ಆಯುಧದಂತೆಯೇ ಮಾರ್ಪಡಿಸುವ ಹವ್ಯಾಸ ಅಮೆರಿಕದಲ್ಲಿ ಒಂದು ಕರಕುಶಲ ಕಲೆಯಾಗಿಯೇ ಬೆಳೆದಿದೆ. 2001ರಲ್ಲಿ ಆರಂಭವಾದ ‘ಹೇಲೋ’ ಎಂಬ ಯುದ್ಧದ ಆಟದ ಬಂದೂಕುಗಳನ್ನು ಹ್ಯಾಸ್‌ಬ್ರೋ ಸಂಸ್ಥೆ ತನ್ನ ‘ನರ್ಫ್’ ಹೆಸರಿನಲ್ಲಿ ಆಟಿಕೆಗಳಾಗಿ ಹೊರತಂದಿದೆ. ಅವು ಹಾರಿಸುವುದು ಮೆದುವಾದ ಫೋಮ್ ಕಡ್ಡಿಗಳನ್ನು. ಆ ದೇಶದಲ್ಲಿ ನೆಲೆಸಿರುವ ನಮ್ಮ ಶ್ರಾವಕ ಕುಟುಂಬಗಳ ಮಕ್ಕಳಿಗೂ ಈ ಲೋಕ ಅಪರಿಚಿತವಲ್ಲ. ಆದುದರಿಂದ ಇದರ ಗುಣದೋಷಗಳ ವಿಮರ್ಶೆ ಅಪ್ರಸ್ತುತವಾಗಲಾರದು.

ಮೊದಲು ಗುಣವನ್ನು ಹೇಳೋಣ. ತಿರುಪುಗಳನ್ನು ಬಿಚ್ಚಿ ಭಾಗಗಳನ್ನು ಕ್ರಮವಾಗಿ ಇಡಬೇಕು. ಉಬ್ಬಿದ ಅಕ್ಷರಗಳನ್ನು ಉಪ್ಪುಕಾಗದದಿಂದ ತೇಯಬೇಕು, ತಿರುಪಿನ ಕುಳಿಗಳನ್ನು ಪುಟ್ಟಿಯಿಂದ ಮುಚ್ಚಬೇಕು. ಪ್ರೈಮರ್ ಒಣಗಿದ ಮೇಲೆ ತೆಳುವಾದ ಪದರಗಳಲ್ಲಿ ಬಣ್ಣ ಹಚ್ಚಬೇಕು. ಕೊನೆಗೆ, ಬಹುಪಾಲು ಒಣಗಿದ ಕುಂಚದಿಂದ ಅಂಚುಗಳಿಗೆ ಬೆಳ್ಳಿಯ ಬಣ್ಣ ಸವರಿದರೆ ಪ್ಲಾಸ್ಟಿಕ್ಕು ಸವೆದ ಲೋಹದಂತೆ ತೋರುತ್ತದೆ. ಇಷ್ಟು ತಾಳ್ಮೆ, ಇಷ್ಟು ಏಕಾಗ್ರತೆ ಎಳೆಯರಲ್ಲಿ ಕಂಡಾಗ ಮೆಚ್ಚದಿರುವುದು ಸಹೃದಯತೆಯಲ್ಲ.

ಆದರೆ ಕೌಶಲವು ಯಾವುದರ ಸೇವೆಯಲ್ಲಿ ನಿಂತಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಇಲ್ಲಿ ನಮಗೆ ನೆನಪಾಗಬೇಕಾದದ್ದು ಜನ್ನಕವಿಯ ‘ಯಶೋಧರ ಚರಿತೆ’. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕಡಿದಾಗ ಆ ಕೋಳಿ ಕೂಗುತ್ತದೆ. ತಾಯಿಮಕ್ಕಳು ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ದ್ರವ್ಯಹಿಂಸೆ ನಡೆಯದಿದ್ದರೂ ಸಂಕಲ್ಪಹಿಂಸೆ ನಡೆಯಿತೆಂಬುದೇ ಕಾವ್ಯದ ತಿರುಳು.

ಹಾಗೆಂದು ಬಣ್ಣ ಬಳಿಯುವ ಹುಡುಗನನ್ನು ಯಶೋಧರನೊಡನೆ ಸಮೀಕರಿಸುವುದು ಅವಿಚಾರವಾದೀತು. ಅಲ್ಲಿ ಕೊಲ್ಲುವ ಸಂಕಲ್ಪವಿತ್ತು, ದೇವತೆಯ ಮುಂದೆ ಬಲಿಯ ಉದ್ದೇಶವಿತ್ತು. ಇಲ್ಲಿರುವುದು ಬಹುಮಟ್ಟಿಗೆ ರೂಪದ ಮೋಹ. ಭಾವವನ್ನು ಅಳೆಯದೆ ವಸ್ತುವನ್ನಷ್ಟೇ ಕಂಡು ಪಾಪವೆನ್ನುವುದು ನಮ್ಮ ಶಾಸ್ತ್ರದ ಮಾರ್ಗವಲ್ಲ.

ನನ್ನ ಆಕ್ಷೇಪ ಬೇರೆಡೆಯಿದೆ. ಈ ಕಲೆಯಲ್ಲಿ ಹೆಚ್ಚು ಮೆಚ್ಚುಗೆ ಪಡೆಯುವುದು ಯುದ್ಧದ ಗುರುತುಗಳು: ಗೀರು, ಮಸಿ, ಸವೆತ. ಎಂದೂ ನಡೆಯದ ಕದನಗಳನ್ನು ಆಯುಧದ ಮೈಮೇಲೆ ಕಲ್ಪಿಸಿ ಬರೆಯುವಾಗ, ಬರೆಯುವವನ ಮನಸ್ಸು ಎಲ್ಲಿ ಸಂಚರಿಸುತ್ತದೆ? ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದು ಅನರ್ಥದಂಡಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಅಪಧ್ಯಾನವೂ ಒಂದು, ಪ್ರಮಾದಚರ್ಯೆಯೂ ಒಂದು. ಮೊದಲನೆಯದರ ಪರೀಕ್ಷೆಯನ್ನು ಆ ಹುಡುಗನೇ ಮಾಡಿಕೊಳ್ಳಬೇಕು. ಎರಡನೆಯದು ಮಾತ್ರ ನಮ್ಮೆಲ್ಲರಿಗೂ ಸೇರಿದ್ದು.

ನಿಜವಾದ ಬಂದೂಕನ್ನು ಹೋಲುವ ಆಟಿಕೆಗಳಿಗೆ ಕಿತ್ತಳೆ ಬಣ್ಣದ ತುದಿ ಅಥವಾ ಅಂಗೀಕೃತವಾದ ಅನ್ಯ ಗುರುತು ಇರಬೇಕೆಂದು ಅಮೆರಿಕದಲ್ಲಿ 1988ರಲ್ಲಿ ಕಾನೂನಾಯಿತು. 2014ರ ನವೆಂಬರ್ 22ರಂದು ಕ್ಲೀವ್‌ಲ್ಯಾಂಡ್ ನಗರದ ಉದ್ಯಾನವೊಂದರಲ್ಲಿ 12 ವರ್ಷದ ಬಾಲಕನೊಬ್ಬ ಪೊಲೀಸರ ಗುಂಡಿಗೆ ಗುರಿಯಾಗಿ ಮರುದಿನ ಅಸುನೀಗಿದನು. ಅವನ ಬಳಿಯಿದ್ದುದು ಪ್ಲಾಸ್ಟಿಕ್ ಗುಂಡು ಹಾರಿಸುವ ನಕಲಿ ಪಿಸ್ತೂಲು. ಅದಕ್ಕೆ ಕಿತ್ತಳೆ ತುದಿ ಇರಲಿಲ್ಲ. ಅದು ಯಾವ ಆಟದ ಅನುಕರಣೆಯೂ ಅಲ್ಲ, ಆ ಸಾವಿನ ಹೊಣೆಯನ್ನು ಬಾಲಕನ ಮೇಲೆ ಹೊರಿಸುವುದೂ ಅನ್ಯಾಯ. ಆದರೂ ಆ ಘಟನೆ ಒಂದನ್ನು ಕಲಿಸುತ್ತದೆ: ಕಿತ್ತಳೆ ಬಣ್ಣವು ಅಲಂಕಾರವಲ್ಲ, ಅದು ‘ನಾನು ಆಯುಧವಲ್ಲ’ ಎಂದು ವಸ್ತುವೇ ನುಡಿಯುವ ಸತ್ಯವಚನ. ಆಟದ ಚಿತ್ರಕ್ಕೆ ಹೊಂದುವುದಿಲ್ಲವೆಂದು ಅದನ್ನು ಮುಚ್ಚುವವನು ವಸ್ತುವಿನ ಬಾಯಿ ಮುಚ್ಚುತ್ತಾನೆ. ಎದುರಿನವನ ಭಯಕ್ಕೂ ತನ್ನ ಪ್ರಾಣಾಪಾಯಕ್ಕೂ ತಾನೇ ಎಡೆಮಾಡಿಕೊಡುತ್ತಾನೆ.

ಆದ್ದರಿಂದ ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಕುಂಚವನ್ನು ಕಸಿದುಕೊಳ್ಳಬೇಡಿ, ತುದಿಯ ಬಣ್ಣವನ್ನು ಉಳಿಸಲು ಹೇಳಿ, ಆ ವಸ್ತುವನ್ನು ಬೀದಿಗೆ ಒಯ್ಯಲು ಬಿಡಬೇಡಿ. ಬಸದಿಯ ಟ್ರಸ್ಟುಗಳಲ್ಲಿಯೂ ಒಂದು ಕೋರಿಕೆಯಿದೆ. ಪರ್ವದ ದಿನಗಳ ನಾಟಕಕ್ಕೆ ಕಿರೀಟ, ಪ್ರಭಾವಳಿ, ರಥಗಳ ಮಾದರಿಗಳು ಬೇಕಾಗುತ್ತವೆ. ಅದೇ ಉಪ್ಪುಕಾಗದ, ಅದೇ ಪುಟ್ಟಿ, ಅದೇ ಕುಂಚ ಅಲ್ಲಿಗೂ ಸಲ್ಲುತ್ತವೆ. ಆ ಹುಡುಗರನ್ನು ಕರೆದು ಕೆಲಸ ಒಪ್ಪಿಸಬಾರದೇಕೆ? ಬರಿಯ ನಿಷೇಧದಿಂದ ಬರಿದಾದ ಕೈಗೆ ಇನ್ನೊಂದು ಕೆಲಸವನ್ನು ಕೊಡದಿದ್ದರೆ, ನಮ್ಮ ಉಪದೇಶವೂ ಅರೆಯಾಗಿಯೇ ಉಳಿಯುತ್ತದೆ.