‘ವೋಟ್ ಬ್ಯಾಂಕ್’ ಎಂಬ ಶಬ್ದದ ಅರ್ಥವಿಚಾರ

೧೯೪೮ರಲ್ಲಿ ಮೈಸೂರು ಸೀಮೆಯ ‘ರಾಂಪುರ’ದಲ್ಲಿ (ಇದು ಕಲ್ಪಿತನಾಮ) ನೆಲೆಸಿ, ಎಂ. ಎನ್. ಶ್ರೀನಿವಾಸರು ೧೯೫೫ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಶಬ್ದವು ಪ್ರಚಾರಕ್ಕೆ ಬಂದಿತು. ಅಲ್ಲಿ ಅದರ ಅರ್ಥವು ಜಾತಿಯಲ್ಲ. ಆಶ್ರಿತರ ಮತಗಳನ್ನು ಕೊಡಿಸಬಲ್ಲ ಒಡೆಯನೆಂದೇ. ಈಗಲಾದರೋ ಇಡೀ ಜಾತಿಗೇ ಆ ಹೆಸರು ಸಲ್ಲುತ್ತಿದೆ. ಲಕ್ಷಣೆಯಿಂದ ಅರ್ಥವು ವ್ಯಾಪಿಸುವುದು ದೋಷವಲ್ಲ. ಇಲ್ಲಿಯಾದರೆ ಕಾರಣವೇ ಮರೆಯಾಗಿದೆ. ಗೇಣಿ, ಸಾಲ, ಜೀತಗಳಿಗೆ ಕಟ್ಟುಬಿದ್ದವನ ಮತವೂ ಸ್ವಜಾತ್ಯಭಿಮಾನದಿಂದಿತ್ತ ಮತವೂ ಒಂದೆನಿಸಲಾರವು. ಋಣವು ತೀರಿದೊಡನೆ ಮೊದಲನೆಯದು ಸಡಿಲಬಹುದು. ಜಾತಿಯನ್ನು ಕೇಳಿದ ಮಾತ್ರಕ್ಕೆ ಮತದಾರನಿಗೆ ವಿವೇಕವೇ ಇಲ್ಲವೆನ್ನುವುದು ಅನ್ಯಾಯ. ಲೇಖಕರಲ್ಲಿಯೂ ಒಂದು ಕೊರತೆಯುಂಟು. ತಾವು ಊರನ್ನು ಮೇಲ್ಜಾತಿಯ ದೃಷ್ಟಿಯಿಂದ ಕಂಡುದಾಗಿ ೧೯೭೬ರ ‘ದಿ ರಿಮೆಂಬರ್ಡ್ ವಿಲೇಜ್’ ಗ್ರಂಥದಲ್ಲಿ ಅವರೇ ಪ್ರಾಮಾಣಿಕವಾಗಿ ಒಪ್ಪಿರುವರು. ಒಡೆಯನ ಜಗಲಿಯಿಂದ ಕಾಣುವುದು ಒಡೆಯನ ಎಣಿಕೆ. ಜೀತದಾಳಿನ ಇಂಗಿತವನ್ನು ಅವನ ಕೇರಿಯಲ್ಲಿಯೇ ವಿಚಾರಿಸಬೇಕಾಗಿದ್ದಿತು.