ಪರೀಕ್ಷಾ ಪ್ರಕರಣದ ಪುನಃಪ್ರಯೋಗ: ಒಂದು ವಿಮರ್ಶೆ

ಚಿಪ್ಪಿನ ವಿನ್ಯಾಸವನ್ನು ಸಿಲಿಕಾನಿನಲ್ಲಿ ಮೂಡಿಸುವುದಕ್ಕೆ ಮುನ್ನ ಅದರ ನಡೆವಳಿಕೆಯನ್ನು ಗಣಕಯಂತ್ರದಲ್ಲಿ ಅನುಕರಿಸಿ ನೋಡುವುದು ಈ ಶಾಸ್ತ್ರದಲ್ಲಿ ರೂಢವಾದ ಕ್ರಮ. ಈ ಅನುಕರಣಕ್ಕೆ ಸಿಮ್ಯುಲೇಶನ್ ಎಂದೂ, ಅದನ್ನು ನಡೆಸುವ ತಂತ್ರಾಂಶಕ್ಕೆ ಸಿಮ್ಯುಲೇಟರ್ ಎಂದೂ, ಇಂಥ ಸಂಕೇತಗಳನ್ನು ಊಡಿದರೆ ಇಂಥ ಫಲ ಬರತಕ್ಕದ್ದು ಎಂದು ಬರೆದಿಟ್ಟ ಒಂದೊಂದು ಪ್ರಶ್ನೆಗೆ ಟೆಸ್ಟ್ ಕೇಸ್, ಎಂದರೆ ಪರೀಕ್ಷಾ ಪ್ರಕರಣ, ಎಂದೂ ಹೆಸರು. ಒಂದೆಡೆ ಬರೆದ ಪ್ರಕರಣವನ್ನು ಗಂಟುಕಟ್ಟಿ ಬೇರೊಂದೆಡೆಗೆ ಒಯ್ದು, ಅಲ್ಲಿಯ ಸಿಮ್ಯುಲೇಟರಿನಲ್ಲಿ ಮತ್ತೆ ನಡೆಸಿದರೆ ಅದೇ ಫಲ ಬರುವುದೆ? ಬಾರದಿದ್ದರೆ ದೋಷ ಯಾರದು? ಈ ಪ್ರಶ್ನೆಗಳಿಗೆ ಈಗ ಬಳಕೆಯಲ್ಲಿರುವ ಉತ್ತರಗಳು ಎಷ್ಟರಮಟ್ಟಿಗೆ ಸಮಾಧಾನಕರವೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇದು ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಂಬಂಧಿಸಿದ ವಿಚಾರವೆಂದು ಭಾವಿಸಲಾಗದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಅಲ್ಲಿ ವಿನ್ಯಾಸಕೇಂದ್ರವನ್ನು ತೆರೆದಾಗ ಈ ವಿದ್ಯೆ ನಮ್ಮ ಕಾಲೇಜುಗಳಿಗೆ ಬಲು ದೂರದ್ದಾಗಿತ್ತು. ಈಗ ಹಾಗಿಲ್ಲ. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ಸ್ ಪಠ್ಯಕ್ರಮದಲ್ಲಿ ವೆರಿಲಾಗ್ ಭಾಷೆಗೆ ಸ್ಥಾನವಿದೆ. ಹುಕ್ಕೇರಿ ತಾಲ್ಲೂಕಿನ ನಿಡಸೋಶಿಯಲ್ಲಿಯೂ ಎಂಜಿನಿಯರಿಂಗ್ ಕಾಲೇಜು ಇದೆ. ಭಾರತ ಸರ್ಕಾರದ ಚಿಪ್ಸ್ ಟು ಸ್ಟಾರ್ಟಪ್ ಯೋಜನೆಯಲ್ಲಿ, ಬೆಂಗಳೂರಿನ ಸಿ-ಡ್ಯಾಕ್ ಆವರಣದ ಚಿಪ್‌ಇನ್ ಕೇಂದ್ರವು ದುಬಾರಿಯಾದ ವಿನ್ಯಾಸ ತಂತ್ರಾಂಶಗಳನ್ನು ಯೋಜನೆಗೆ ಸೇರಿದ ವಿದ್ಯಾಸಂಸ್ಥೆಗಳಿಗೆ ದೂರದಿಂದಲೇ ಒದಗಿಸುತ್ತಿದೆ. ಆದುದರಿಂದ ವಿದ್ಯಾರ್ಥಿಯೊಬ್ಬನು ಪ್ರಯೋಗಾಲಯದಲ್ಲಿ ಒಂದು ಸಿಮ್ಯುಲೇಟರನ್ನು, ಮನೆಯಲ್ಲಿ ಹಣ ಕೊಡಬೇಕಿಲ್ಲದ ಐಕಾರಸ್ ವೆರಿಲಾಗ್ ಅಥವಾ ವೆರಿಲೇಟರನ್ನು, ಪರೀಕ್ಷಕರ ಮುಂದೆ ಮೂರನೆಯದೊಂದನ್ನು ಬಳಸುವ ಪ್ರಸಂಗ ಈಗ ಅಪರೂಪವಲ್ಲ. ಪರವಾನಗಿ ಇದ್ದವರ ಮನೆಯಲ್ಲಿ ಮಾತ್ರ ಪುನಃ ತೋರಿಸಬಹುದಾದ ಫಲವನ್ನು ಶೋಧನೆಯ ಫಲವೆಂದು ಒಪ್ಪಬಹುದೆ ಎಂಬ ಸಂಶಯ ಇಲ್ಲಿಯೇ ಏಳುತ್ತದೆ.

ಹಿಡಕಲ್ಲಿನ ಉದಾಹರಣೆಯೊಂದನ್ನು ಇಲ್ಲಿ ತರುವುದು ಅಪ್ರಸ್ತುತವಾಗಲಾರದು. ಅಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದಿಂದ ಎಡದಂಡೆಗೆಂದು ಬಿಟ್ಟ ನೀರು ನೇರವಾಗಿ ಕಾಲುವೆಗೆ ಬೀಳುವುದಿಲ್ಲ. ಅದು ನದಿಯ ಪಾತ್ರದಲ್ಲಿಯೇ ಹರಿದು ಧೂಪದಾಳದ ಹಳೆಯ ಒಡ್ಡಿಗೆ ಬಂದು, ಅಲ್ಲಿಂದ ಕಾಲುವೆಯನ್ನು ಸೇರುತ್ತದೆ. ಬಾಗಿಲನ್ನು ಎಷ್ಟು ಎತ್ತಿದರೆಂಬ ಲೆಕ್ಕ ಅಣೆಕಟ್ಟೆಯ ದಫ್ತರದಲ್ಲಿ ಇರಬಹುದು. ಆದರೆ ಕಾಲುವೆಯ ಕೊನೆಯ ರೈತನ ಹೊಲಕ್ಕೆ ಬಂದ ನೀರನ್ನು ಆ ಒಂದೇ ಲೆಕ್ಕದಿಂದ ಹೇಳಲು ಬಾರದು. ನಡುವಿನ ಪಾತ್ರ, ಹೂಳು, ಇಂಗುವಿಕೆ, ಮೇಲಣ ತೂಬುಗಳು ಇವೆಲ್ಲ ಸೇರಿ ಕೊನೆಯ ಅಳತೆಯನ್ನು ನಿರ್ಣಯಿಸುತ್ತವೆ. ಪರೀಕ್ಷಾ ಪ್ರಕರಣಗಳ ವಿಷಯದಲ್ಲಿ ನಮ್ಮವರು ಬಾಗಿಲಿನ ಲೆಕ್ಕವನ್ನು ಶ್ರದ್ಧೆಯಿಂದ ಬರೆದಿಟ್ಟು ಕಾಲುವೆಯ ಸ್ಥಿತಿಯನ್ನು ಬರೆಯದೆ ಬಿಡುತ್ತಾರೆ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಈ ಬಾಗಿಲಿನ ಲೆಕ್ಕಕ್ಕೆ ಅತ್ಯಂತ ಸಮೀಪವಾದುದು ಸೀಡ್, ಎಂದರೆ ಬೀಜಸಂಖ್ಯೆ. ಆಧುನಿಕ ಪರೀಕ್ಷೆಗಳಲ್ಲಿ ಒಳಸಂಕೇತಗಳನ್ನು ಕೈಯಿಂದ ಬರೆಯುವುದಕ್ಕಿಂತ, ಕೆಲವು ನಿಬಂಧನೆಗಳೊಳಗೆ ಯಾದೃಚ್ಛಿಕವಾಗಿ ಹುಟ್ಟಿಸುವುದೇ ಹೆಚ್ಚು. ಬೀಜಸಂಖ್ಯೆ ಒಂದೇ ಆದರೆ ಹುಟ್ಟುವ ಸಂಖ್ಯೆಗಳೂ ಒಂದೇ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧಸತ್ಯ. ವೆರಿಲಾಗಿನ ಹಳೆಯ ರ್‍ಯಾಂಡಮ್ ಎಂಬ ಕಾರ್ಯದ ಮಟ್ಟಿಗೆ ಗಣಿತಕ್ರಮವನ್ನು ಮಾನಕದಲ್ಲಿಯೇ ಸಿ ಭಾಷೆಯಲ್ಲಿ ಬರೆದುಕೊಟ್ಟಿರುವುದರಿಂದ ಎಲ್ಲೆಡೆಯೂ ಒಂದೇ ಸರಣಿ ಬರತಕ್ಕದ್ದು. ಆದರೆ ಐಇಇಇ 1800 ಎಂಬ ಸಿಸ್ಟಮ್ ವೆರಿಲಾಗ್ ಮಾನಕದ ಯುರ್‍ಯಾಂಡಮ್‌ಗೂ ನಿಬಂಧನೆಗಳನ್ನು ಬಿಡಿಸುವ ಸಾಲ್ವರಿಗೂ ಅಂಥ ಕಟ್ಟಳೆಯಿಲ್ಲ. ಯಾವ ಉತ್ತರಗಳು ಸಮ್ಮತವೆಂಬುದನ್ನು ಮಾನಕ ಹೇಳುತ್ತದೆಯೇ ಹೊರತು, ಸಮ್ಮತವಾದವುಗಳಲ್ಲಿ ಯಾವುದನ್ನು ಮೊದಲು ಆಯಬೇಕೆಂಬುದನ್ನು ಹೇಳುವುದಿಲ್ಲ. ಆದುದರಿಂದ ಬೀಜಸಂಖ್ಯೆ 7 ಎಂದು ವರದಿಯಲ್ಲಿ ಬರೆದವನು, ಸಿಮ್ಯುಲೇಟರಿನ ಹೆಸರನ್ನೂ ಆವೃತ್ತಿಯನ್ನೂ ಬರೆಯದಿದ್ದರೆ, ಬರೆದಂತೆಯೇ ಆಗಲಿಲ್ಲ. ಅದಕ್ಕಿಂತ ಲೇಸಾದ ದಾರಿ, ಹುಟ್ಟಿದ ಸಂಕೇತಗಳನ್ನೇ ಒಂದು ಕಡತದಲ್ಲಿ ಇಳಿಸಿಕೊಂಡು ಆ ಕಡತವನ್ನು ಸಾಗಿಸುವುದು. ಕಡತ ದೊಡ್ಡದಾಗುತ್ತದೆಂಬ ಗೊಣಗಾಟವನ್ನು ಕೇಳಿದ್ದೇನೆ; ಆಗಲಿ, ಅದು ಇಂದಿನ ಗಣಕಗಳಿಗೆ ಹೊರೆಯಲ್ಲ.

ಎರಡನೆಯ ತೊಡಕು ಇನ್ನೂ ಸ್ವಾರಸ್ಯವಾದುದು. ರೀಸೆಟ್ ಇಲ್ಲದೆ ಬರೆದ ಸರಳ ಎಣಿಕೆಯಂತ್ರವೊಂದನ್ನು ತೆಗೆದುಕೊಳ್ಳಿ. ಪ್ರತಿಯೊಂದು ಗಡಿಯಾರದ ಮಿಡಿತಕ್ಕೆ ಹಿಂದಿನ ಬೆಲೆಗೆ ಒಂದನ್ನು ಕೂಡಿಸುವುದಷ್ಟೇ ಅದರ ಕೆಲಸ. ಐಕಾರಸಿನಂಥ ಚತುಃಸ್ಥಿತಿಯ ಸಿಮ್ಯುಲೇಟರಿನಲ್ಲಿ ಆರಂಭದ ಬೆಲೆ ಎಕ್ಸ್, ಎಂದರೆ ಅಜ್ಞಾತ. ಅಜ್ಞಾತಕ್ಕೆ ಒಂದನ್ನು ಕೂಡಿಸಿದರೂ ಅಜ್ಞಾತವೇ. ಯಂತ್ರ ಎಂದಿಗೂ ಎಣಿಸುವುದಿಲ್ಲ. ಅದೇ ಬರಹವನ್ನು ಮುಖ್ಯವಾಗಿ ದ್ವಿಸ್ಥಿತಿಯದಾದ ವೆರಿಲೇಟರಿನಲ್ಲಿ ನಡೆಸಿದರೆ ಬೆಲೆ ಸಾಮಾನ್ಯವಾಗಿ ಸೊನ್ನೆಯಿಂದ ಮೊದಲಾಗಿ ಒಂದು, ಎರಡು, ಮೂರು ಎಂದು ಲಕ್ಷಣವಾಗಿ ಎಣಿಸುತ್ತ ಹೋಗುತ್ತದೆ. ವಿದ್ಯಾರ್ಥಿಯು ಮೊದಲನೆಯ ಉಪಕರಣ ಕೆಟ್ಟದ್ದು, ಎರಡನೆಯದು ಒಳ್ಳೆಯದು ಎಂಬ ತೀರ್ಮಾನಕ್ಕೆ ಬರುವುದುಂಟು. ವಾಸ್ತವದಲ್ಲಿ ಅವನ ವಿನ್ಯಾಸದ ಕುಂದನ್ನು ಎತ್ತಿ ತೋರಿಸಿದುದು ಮೊದಲನೆಯದೇ. ಆದರೆ ಇದೊಂದೇ ನಿದರ್ಶನದಿಂದ ಚತುಃಸ್ಥಿತಿಯೇ ಶ್ರೇಷ್ಠವೆಂದು ಹೇಳುವುದೂ ಸಾಧುವಲ್ಲ. ಷರತ್ತಿನ ಬೆಲೆ ಅಜ್ಞಾತವಾಗಿದ್ದಾಗ ವೆರಿಲಾಗಿನ ಇಫ್ ವಾಕ್ಯ ಏನೂ ಆಗಿಲ್ಲವೆಂಬಂತೆ ಎಲ್ಸ್ ಶಾಖೆಯನ್ನು ಹಿಡಿಯುತ್ತದೆ. ಅಲ್ಲಿ ಕುಂದು ಅಡಗಿಹೋಗುತ್ತದೆ. ಆರಂಭದ ಬೆಲೆಗಳನ್ನು ಬೇಕೆಂದೇ ಯಾದೃಚ್ಛಿಕವಾಗಿಸಿ ವೆರಿಲೇಟರನ್ನು ಹಲವು ಬಾರಿ ನಡೆಸಿದರೆ ಅದೇ ಕುಂದು ಬಯಲಾಗುವ ಸಂಭವವಿದೆ.

ಒಂದೇ ಗಡಿಯಾರದ ಏರಿಕೆಗೆ ಎಚ್ಚರಗೊಳ್ಳುವ ಎರಡು ಆಲ್ವೇಸ್ ಖಂಡಗಳಲ್ಲಿ, ಒಂದು ಬ್ಲಾಕಿಂಗ್ ಕ್ರಮದಿಂದ ಬರೆದ ಬೆಲೆಯನ್ನು ಇನ್ನೊಂದು ಓದುತ್ತಿದ್ದರೂ ಇದೇ ಕಥೆ. ಯಾವುದು ಮೊದಲು ನಡೆಯಬೇಕೆಂಬುದನ್ನು ಮಾನಕ ನಿಶ್ಚಯಿಸಿಲ್ಲ. ಒಂದೊಂದು ಸಿಮ್ಯುಲೇಟರು ಒಂದೊಂದು ಕ್ರಮವನ್ನು ಹಿಡಿಯಬಹುದು, ಎರಡೂ ನ್ಯಾಯವೇ. ಗಂಟಿನೊಳಗಿನ ಕಡತಗಳ ಕ್ರಮಕ್ಕೂ ಬೆಲೆಯುಂಟು: ಟೈಮ್‌ಸ್ಕೇಲ್ ಸೂಚನೆ ಇಲ್ಲದ ಕಡತವು ತನಗಿಂತ ಮೊದಲು ಸಂಕಲನಗೊಂಡ ಕಡತದ ಕಾಲಮಾನವನ್ನೇ ಅನುಸರಿಸುವುದರಿಂದ, ಪಟ್ಟಿಯಲ್ಲಿ ಎರಡು ಹೆಸರುಗಳು ಹಿಂದುಮುಂದಾದರೆ ನ್ಯಾನೋಸೆಕೆಂಡು ಪಿಕೋಸೆಕೆಂಡಾಗಬಹುದು.

ಇವುಗಳಿಗೆ ಹೇಳುವ ಪರಿಹಾರಗಳಲ್ಲಿ ಮೊದಲನೆಯದು, ಸಿಮ್ಯುಲೇಟರು, ಗ್ರಂಥಾಲಯ, ಕಾರ್ಯವ್ಯವಸ್ಥೆಯ ಅಂಗಗಳು ಎಲ್ಲವನ್ನೂ ಒಂದೇ ಕಂಟೇನರಿನಲ್ಲಿಟ್ಟು ಮೊಹರು ಮಾಡಿ ಕಳುಹಿಸುವುದು. ಫಲವನ್ನು ಮತ್ತೆ ತೋರಿಸಬೇಕಾದಾಗ ಇದರ ಉಪಯೋಗ ನಿರ್ವಿವಾದ. ಆದರೆ ಪರವಾನಗಿಯ ತಂತ್ರಾಂಶವನ್ನು ಹೀಗೆ ಕಟ್ಟಿ ಹಂಚುವ ಹಕ್ಕು ಸಾಮಾನ್ಯವಾಗಿ ಬಳಕೆದಾರನಿಗೆ ಇರುವುದಿಲ್ಲ. ಅದಕ್ಕಿಂತ ಗಹನವಾದ ಆಕ್ಷೇಪವೊಂದಿದೆ. ಮೊಹರಾದ ಪೆಟ್ಟಿಗೆ ಎಲ್ಲಿಗೆ ಹೋದರೂ ಒಂದೇ ಮಾತನ್ನು ಹೇಳುತ್ತದೆ. ರೀಸೆಟ್ ಇಲ್ಲದ ಎಣಿಕೆಯಂತ್ರವು ವೆರಿಲೇಟರಿನ ಪೆಟ್ಟಿಗೆಯಲ್ಲಿ ಬೆಳಗಾವಿಯಲ್ಲಿಯೂ ಎಣಿಸುತ್ತದೆ, ಬೆಂಗಳೂರಿನಲ್ಲಿಯೂ ಎಣಿಸುತ್ತದೆ, ಸಿಲಿಕಾನಿನಲ್ಲಿ ಮಾತ್ರ ಏನು ಮಾಡುವುದೋ ಹೇಳಲಾಗದು. ಪರಿಸರಗಳ ನಡುವಣ ಭೇದವು ತೊಡೆದುಹಾಕಬೇಕಾದ ಕಸವೆಂಬ ಎಣಿಕೆಯ ಮೇಲೆ ಈ ಪರಿಹಾರ ನಿಂತಿದೆ. ಅನೇಕ ವೇಳೆ ಆ ಭೇದವೇ ಪರೀಕ್ಷೆಯ ಅತ್ಯುತ್ತಮ ಫಲ.

ಎರಡನೆಯದು ಅಕ್ಸೆಲೆರಾ ಸಂಸ್ಥೆ 2018ರಲ್ಲಿ ಮೊದಲ ಆವೃತ್ತಿಯಾಗಿ ಪ್ರಕಟಿಸಿದ ಪೋರ್ಟಬಲ್ ಟೆಸ್ಟ್ ಅಂಡ್ ಸ್ಟಿಮ್ಯುಲಸ್ ಮಾನಕ. ಪರೀಕ್ಷೆಯ ಆಶಯವನ್ನು ಅದರ ನಿರ್ವಹಣದಿಂದ ಬೇರ್ಪಡಿಸಿ, ಇಂಥ ಕ್ರಿಯೆಯಾದ ಮೇಲೆ ಇಂಥ ಕ್ರಿಯೆ, ಇಂಥ ಸಂಪನ್ಮೂಲ ಇಬ್ಬರಿಗೆ ಏಕಕಾಲದಲ್ಲಿ ಸಲ್ಲದು, ಎಂದು ನಿರೂಪಿಸುವುದು ಇದರ ಮಾರ್ಗ. ಅದೇ ನಿರೂಪಣೆಯಿಂದ ಸಿಮ್ಯುಲೇಶನ್ನಿಗೂ, ಎಮ್ಯುಲೇಟರಿಗೂ, ಕಡೆಗೆ ತಯಾರಾದ ಚಿಪ್ಪಿಗೂ ಪರೀಕ್ಷೆಗಳನ್ನು ಪಡೆಯಬಹುದು. ಮುಡಲಗಿ ಸೀಮೆಯವರಿಗೆ ಈ ವಿಭಜನೆ ಹೊಸದಾಗಿ ತೋರಲಾರದು. ಕುಲಗೋಡು ತಮ್ಮಣ್ಣನ ಹೆಸರಿನೊಡನೆ ಬೆಸೆದಿರುವ ಶ್ರೀಕೃಷ್ಣ ಪಾರಿಜಾತ ಊರೂರು ತಿರುಗಿದುದು ಹೀಗೆಯೇ: ಕಥೆಯೂ ಹಾಡೂ ಮೇಳದೊಡನೆ ಹೋಗುತ್ತವೆ, ಅಟ್ಟವನ್ನು ಆಯಾ ಊರು ಕಟ್ಟಿಕೊಡುತ್ತದೆ. ಕಂಟೇನರಿನ ವಾದಕ್ಕಿಂತ ಇದು ಹೆಚ್ಚು ವಿವೇಕಯುತವೆಂದು ಒಪ್ಪಬೇಕು. ಆದರೂ ಎರಡು ಕೊರತೆಗಳನ್ನು ಹೇಳದಿರಲಾಗದು. ಬಿಟ್ಟುಹೋದ ಕ್ರಿಯೆಗಳನ್ನು ಊಹಿಸಿ ತುಂಬುವ ಅಧಿಕಾರ ಉಪಕರಣಕ್ಕೆ ಇರುವುದರಿಂದ, ಒಂದೇ ನಿರೂಪಣೆ ಇಬ್ಬರು ತಯಾರಕರ ಕೈಯಲ್ಲಿ ಎರಡು ಬೇರೆ ಪರೀಕ್ಷೆಗಳಾಗಿ ಹುಟ್ಟಬಹುದು. ಇದು ಬೀಜಸಂಖ್ಯೆಯ ತೊಡಕೇ, ಒಂದು ಮೆಟ್ಟಿಲು ಮೇಲೆ. ಇನ್ನು, ಬಂದ ಫಲ ಸರಿಯೇ ಎಂದು ತೀರ್ಪು ಕೊಡುವ ಕೆಲಸದ ಬಹುಭಾಗ ಆಯಾ ಪರಿಸರದ ಟೆಸ್ಟ್‌ಬೆಂಚಿಗೇ ಉಳಿಯುತ್ತದೆ. ಪ್ರಶ್ನೆ ಸಾಗುತ್ತದೆ, ಮೌಲ್ಯಮಾಪಕನನ್ನು ಊರೂರಿಗೆ ಹೊಸದಾಗಿ ಹುಡುಕಬೇಕು. 1994ರಲ್ಲಿ ಪೆಂಟಿಯಮ್ ಚಿಪ್ಪಿನ ಭಾಗಾಕಾರದಲ್ಲಿ ದೋಷ ಬಯಲಾಗಿ ಇಂಟೆಲ್ ಸಂಸ್ಥೆ 47.5 ಕೋಟಿ ಡಾಲರುಗಳನ್ನು ಅದಕ್ಕೆಂದು ಬದಿಗಿಡಬೇಕಾಯಿತು. ಅಂಥ ದೋಷ ಸಿಕ್ಕಬೇಕಾದರೆ ಸರಿಯುತ್ತರವನ್ನು ಬಲ್ಲ ಮೌಲ್ಯಮಾಪಕನು ಪ್ರಶ್ನೆಯೊಡನೆಯೇ ಇರಬೇಕು.

ನಮ್ಮ ಸ್ನಾತಕ ವರದಿಗಳ ಮಟ್ಟಿಗೆ ಈ ವಿಮರ್ಶೆಯಿಂದ ಫಲಿಸುವ ಬೇಡಿಕೆ ದೊಡ್ಡದಲ್ಲ. ಒಳಸಂಕೇತಗಳ ಕಡತ, ನಿರೀಕ್ಷಿತ ಫಲಗಳ ಕಡತ, ಸಂಕಲನದ ಕ್ರಮ, ಸಿಮ್ಯುಲೇಟರಿನ ಆವೃತ್ತಿ, ನಡೆಸಿದ ಆಜ್ಞೆಯ ಸಾಲು ಇಷ್ಟನ್ನು ಅನುಬಂಧವಾಗಿ ಕೇಳಬೇಕು. ಒಂದು ಚತುಃಸ್ಥಿತಿಯ, ಒಂದು ದ್ವಿಸ್ಥಿತಿಯ ಸಿಮ್ಯುಲೇಟರಿನಲ್ಲಿ ಪ್ರಕರಣವನ್ನು ನಡೆಸಿ, ಭೇದ ಬಂದಲ್ಲಿ ಅದರ ಕಾರಣವನ್ನು ಒಂದು ಪುಟದಲ್ಲಿ ಬರೆಯಿಸಬೇಕು. ಎರಡಕ್ಕೂ ಹಣ ಬೇಕಿಲ್ಲ. ಈಗಿನ ರೂಢಿಯಲ್ಲಿ, ಪರೀಕ್ಷಕರ ಮುಂದೆ ಬೇರೊಂದು ಫಲ ಬಂದರೆ ವಿದ್ಯಾರ್ಥಿಯ ಅಂಕ ಕಳೆಯುತ್ತದೆ, ಕಾರಣವನ್ನು ಯಾರೂ ಕೇಳುವುದಿಲ್ಲ. ಅಂಕವಿರಬೇಕಾದುದು ಆ ಒಂದು ಪುಟಕ್ಕೆ.